ಸಂಪಾದಕರ ಉತ್ತರ: ಆ 1.4 ಕೋಟಿ ವೋಟು ಏನಾದವು?

ಓದುಗರ ಪತ್ರ (ಸಂಕ್ಷಿಪ್ತ): ಅಮೆರಿಕದ 2024ರ ಚುನಾವಣೆ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುತ್ತಾ ನೀವು “ಡೆಮಾಕ್ರಟಿಕ್ ಪಕ್ಷ ತನ್ನ ನಿಯಮದಂತೆಯೇ ಅಭ್ಯರ್ಥಿಯನ್ನು ಬದಲಿಸಿಕೊಂಡಿತು” ಎಂದು, ಜೋ ಬೈಡನ್ ಬದಲಿಗೆ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಬಂದದ್ದನ್ನು, ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನು ಈಗ ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಮಗ ಟ್ರಂಪ್ ಕಡೆ, ಸೊಸೆ ಡೆಮಾಕ್ರಟಿಕ್ ಕಡೆ. “ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಜನ ವೋಟು ಹಾಕುವ ಒಳಚುನಾವಣೆ) ಬೈಡನ್‌ಗೆ ಬಿದ್ದ 1.4 ಕೋಟಿ ಜನರ ವೋಟನ್ನು ಕಸದ ಬುಟ್ಟಿಗೆ ಹಾಕಿದರು, ಇದು ಪ್ರಜಾಪ್ರಭುತ್ವದ ಕೊಲೆ” ಅಂತ ಮಗ. “ಜೋಡಿಗೆ ವೋಟು ಹಾಕಿದ್ದೆವು, ಜೋಡಿಯಲ್ಲಿ ಒಬ್ಬರು ನಿಂತರು, ಅಷ್ಟೆ” ಅಂತ ಸೊಸೆ. ಚುನಾವಣೆ ಮುಗಿದರೂ ಊಟದ ಹೊತ್ತಿನ ಈ ಜಗಳ ಮುಗಿದಿಲ್ಲ. ನಮ್ಮ ಹೈಕಮಾಂಡ್ ಲಕೋಟೆ ಒಡೆದು ಹೆಸರು ಓದಿದರೆ ನೀವು ಪುಟಗಟ್ಟಲೆ ಗೇಲಿ ಮಾಡುತ್ತೀರಿ. ಅಲ್ಲಿ ಅದೇ ಆದಾಗ “ನಿಯಮದಂತೆ” ಆಗಿಬಿಡುತ್ತದೆಯೇ? ಷಿಕಾಗೋದಲ್ಲಿ ನಾಲ್ಕು ಜನ ಕೂತು ಹೆಸರು ಬದಲಿಸಿದ್ದಕ್ಕೆ ನಿಮ್ಮ ಒಪ್ಪಿಗೆ ಇದೆಯೇ?

ಮಾನ್ಯರೇ,

ನಿಮ್ಮ ಪತ್ರ ಕೈಗೆ ಬಂದ ಮೇಲೆ ನಾವು ಬರೆದ ಆ ಸಾಲನ್ನು ಎರಡು ಮೂರು ಸಲ ಓದಿದೆ. ಅದರಲ್ಲಿ ಸುಳ್ಳಿಲ್ಲ. ಆದರೆ ಗುಮಾಸ್ತರ ಷರಾದ ಹಾಗಿದೆ. ನಿಯಮ ಪಾಲಿಸಿದ್ದಾರೆ, ಕಡತ ಮುಕ್ತಾಯ. ನೀವು ಸಿಟ್ಟಾದದ್ದು ಸರಿ.

ಒಂದು ಸಣ್ಣ ತಿದ್ದುಪಡಿ ನಿಮ್ಮ ಕಡೆಯೂ ಬೇಕು. ಕಮಲಾ ಹ್ಯಾರಿಸ್ ಅವರ ಆಯ್ಕೆ ಷಿಕಾಗೋದಲ್ಲಿ ಆಗಲಿಲ್ಲ. ಪಕ್ಷದ ಷಿಕಾಗೋ ಸಮಾವೇಶ ನಡೆದದ್ದು ಆಗಸ್ಟ್ 19ರಿಂದ 22ರವರೆಗೆ. ಅದಕ್ಕೂ ಮೊದಲೇ, ಆಗಸ್ಟ್ 1ರಿಂದ 5ರವರೆಗೆ, ಪಕ್ಷದ ಪ್ರತಿನಿಧಿಗಳು ಆನ್‌ಲೈನ್‌ನಲ್ಲಿ ಮತ ಹಾಕಿ ಮುಗಿಸಿದ್ದರು. ಹ್ಯಾರಿಸ್‌ಗೆ ಬಿದ್ದದ್ದು 4,567 ಮತ. ಸಮಾವೇಶದಲ್ಲಿ ನಡೆದದ್ದು ಹಾಡು, ಕುಣಿತ, ಬಲೂನು. ಮದುವೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಗಿತ್ತು, ಷಿಕಾಗೋದ್ದು ಬರೀ ಆರತಕ್ಷತೆ.

ಇನ್ನು ನಿಮ್ಮ ಮಗನ ವಾದ. ಅದನ್ನು ಮೊದಲು ಹೂಡಿದವರು ಟ್ರಂಪ್ ಅಲ್ಲ, ರಿಪಬ್ಲಿಕನ್ನರೂ ಅಲ್ಲ. ಜೋ ಬೈಡನ್ ಅವರೇ! ಜೂನ್ 27ರಂದು ಅಟ್ಲಾಂಟಾದ ಟಿವಿ ಚರ್ಚೆಯಲ್ಲಿ ಅವರು ತಡವರಿಸಿದ್ದನ್ನು ಜಗತ್ತೆಲ್ಲ ನೋಡಿತು. ಆಗ ಅವರಿಗೆ 81 ವರ್ಷ. ಕಣದಿಂದ ಸರಿಯಿರಿ ಅಂತ ಸ್ವಂತ ಪಕ್ಷದವರೇ ಪಿಸುಗುಟ್ಟತೊಡಗಿದರು. ಜುಲೈ 8ರಂದು ಬೈಡನ್ ತಮ್ಮ ಪಕ್ಷದ ಸಂಸದರಿಗೆ ಒಂದು ಪತ್ರ ಬರೆದರು. ನನಗೆ 1.4 ಕೋಟಿಗೂ ಹೆಚ್ಚು ವೋಟು ಬಂದಿದೆ, ಚಲಾವಣೆಯಾದ ಮತದಲ್ಲಿ ಅದು ಶೇ 87, ತೀರ್ಮಾನ ಮತದಾರರದ್ದು, ಪತ್ರಕರ್ತರದ್ದೋ ದುಡ್ಡು ಕೊಡುವವರದ್ದೋ ಅಲ್ಲ ಎಂದರು. ಪಕ್ಷದೊಳಗೇ ಪ್ರಜಾಪ್ರಭುತ್ವವನ್ನು ಕಡೆಗಣಿಸಿದರೆ ದೇಶದಲ್ಲಿ ಅದರ ಪರ ಹೇಗೆ ನಿಲ್ಲುತ್ತೇವೆ ಅಂತಲೂ ಕೇಳಿದರು. ಹದಿಮೂರು ದಿನ ಕಳೆದು, ಜುಲೈ 21ರ ಭಾನುವಾರ, ಅವರೇ ಹಿಂದೆ ಸರಿದರು. ಬಿದ್ದಿದ್ದ ಆ ವಾದವನ್ನು ರಿಪಬ್ಲಿಕನ್ನರು ಅಂದೇ ಎತ್ತಿಕೊಂಡರು. ವಾದ ಅದೇ, ಹಿಡಿದ ಕೈ ಬೇರೆ.

ಈ ಜಗಳದ ಪೂರ್ತಿ ಮಜಾ ಇರುವುದು ಇಲ್ಲೇ. ಬೈಡನ್‌ಗೆ ವಯಸ್ಸಾಗಿದೆ, ಕೈಲಾಗುವುದಿಲ್ಲ ಅಂತ ವರ್ಷಗಟ್ಟಲೆ ಹೇಳಿದವರು, ಅವರು ಸರಿದ ಕೂಡಲೇ “ಅಯ್ಯೋ, ತಳ್ಳಿಬಿಟ್ಟರಲ್ಲ” ಅಂತ ಮರುಗಿದರು. ಬೈಡನ್ ವಿರುದ್ಧ ಖರ್ಚು ಮಾಡಿದ ದುಡ್ಡನ್ನು ನಮಗೆ ವಾಪಸ್ ಕೊಡಬೇಕಲ್ವಾ ಅಂತ ಟ್ರಂಪ್ ಕೇಳಿದರು. (ಅಂಗಡಿಯಲ್ಲಿ ಬಿಲ್ ಹಿಡಿದು ನಿಂತ ಗಿರಾಕಿ ನೆನಪಾದ.) ಈ ಕಡೆ, ವಯಸ್ಸಿನ ಮಾತೆತ್ತಿದವರನ್ನು ಜೂನ್ ತನಕ ಗದರಿಸಿ ಕೂರಿಸಿದ್ದ ಡೆಮಾಕ್ರಟರು, ಜುಲೈನಲ್ಲಿ “ಎಂಥ ತ್ಯಾಗ” ಅಂತ ಚಪ್ಪಾಳೆ ತಟ್ಟಿದರು.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ, ಅಲ್ಲಿ ಹೆಚ್ಚು ಗೋಜಲಿಲ್ಲ. ಅಮೆರಿಕದ ಸಂವಿಧಾನದಲ್ಲಿ ರಾಜಕೀಯ ಪಕ್ಷಗಳ ಮಾತೇ ಇಲ್ಲ. ಪ್ರೈಮರಿಯಲ್ಲಿ ಜನ ವೋಟು ಹಾಕಿದಾಗ, ಆ ಲೆಕ್ಕದ ಮೇಲೆ ರಾಜ್ಯವಾರು ಪ್ರತಿನಿಧಿಗಳು ಹಂಚಿಕೆಯಾಗುತ್ತಾರೆ. ಅಭ್ಯರ್ಥಿಯನ್ನು ಆರಿಸುವವರು ಈ ಪ್ರತಿನಿಧಿಗಳು. ತಮ್ಮನ್ನು ಕಳಿಸಿದವರ ಮನಸ್ಸನ್ನು ಆತ್ಮಸಾಕ್ಷಿಗೆ ತಕ್ಕಂತೆ ಬಿಂಬಿಸಬೇಕು ಅನ್ನುವುದು ಡೆಮಾಕ್ರಟಿಕ್ ಪಕ್ಷದ ನಿಯಮ. ಬೈಡನ್ ಸರಿದಾಗ ಪ್ರತಿನಿಧಿಗಳ ಮತದಾನ ಇನ್ನೂ ಆಗಿರಲಿಲ್ಲ. ಅಂದರೆ ಅವರು ಅಧಿಕೃತ ಅಭ್ಯರ್ಥಿಯೇ ಆಗಿರಲಿಲ್ಲ. ಕೋರ್ಟಿಗೆ ಹೋಗುತ್ತೇವೆ ಅನ್ನುವ ಮಾತು ಕೇಳಿಬಂತು, ಆದರೆ ಐವತ್ತೂ ರಾಜ್ಯಗಳ ಮತಪತ್ರದಲ್ಲಿ ಹ್ಯಾರಿಸ್ ಹೆಸರು ಅಚ್ಚಾಯಿತು.

ಸೊಸೆಯ ವಾದಕ್ಕೆ ಬರೋಣ. ಜೋಡಿಗೆ ವೋಟು ಹಾಕಿದ್ದೆವು ಅನ್ನುವುದು 2020ರ ನವೆಂಬರ್ ಚುನಾವಣೆಯ ಮಟ್ಟಿಗೆ ನಿಜ. 2024ರ ಪ್ರೈಮರಿಯ ಮತಪತ್ರದಲ್ಲಿ ಇದ್ದದ್ದು ಬೈಡನ್ ಹೆಸರು ಮಾತ್ರ. ಹ್ಯಾರಿಸ್ ಸ್ವಂತ ಬಲದ ಮೇಲೆ ಅಧ್ಯಕ್ಷ ಪದವಿಗೆ ಹೊರಟದ್ದು 2019ರಲ್ಲಿ. ಮೊದಲ ವೋಟು ಬೀಳುವ ಮುಂಚೆಯೇ, ಆ ಡಿಸೆಂಬರ್ 3ರಂದು, ಕಣ ಬಿಟ್ಟರು. ಜೋಡಿ ಹೆಸರು ನಿಜವಾಗಿ ಇದ್ದದ್ದು ಪ್ರಚಾರ ಸಮಿತಿಯ ಬ್ಯಾಂಕ್ ಖಾತೆಯಲ್ಲಿ! ಅದರಲ್ಲಿ 9 ಕೋಟಿ ಡಾಲರಿಗೂ ಜಾಸ್ತಿ ಇತ್ತು. ಸಮಿತಿಯಲ್ಲಿ ಹ್ಯಾರಿಸ್ ಹೆಸರೂ ಇದ್ದುದರಿಂದ ಹಣ ಸಲೀಸಾಗಿ ಅವರ ಕೈಗೆ ಬಂತು. ಬೇರೆ ಯಾರೇ ನಿಂತಿದ್ದರೂ ಅಷ್ಟು ಸುಲಭವಾಗುತ್ತಿರಲಿಲ್ಲ. ಟ್ರಂಪ್ ಪ್ರಚಾರ ತಂಡ ಇದರ ಬಗ್ಗೆ ಚುನಾವಣಾ ಹಣಕಾಸಿನ ಆಯೋಗಕ್ಕೆ ದೂರು ಕೊಟ್ಟಿತು. ವೋಟು ಒಬ್ಬರದ್ದು, ದುಡ್ಡು ಇಬ್ಬರದ್ದು. ಸೊಸೆಗೆ ಇದನ್ನು ಮೆತ್ತಗೆ ಹೇಳಿ.

ಹಾಗಾದರೆ ಮಗ ಗೆದ್ದನೇ? ತಡೆಯಿರಿ. ಆ 1.4 ಕೋಟಿ ವೋಟು ಬಿದ್ದದ್ದು ಹೇಗೆ ಅಂತ ನೋಡಬೇಕು. ಈ ಇಡೀ ಗಲಾಟೆಯಲ್ಲಿ ಎರಡೂ ಕಡೆಯವರು ಬೇಗ ದಾಟಿಬಿಡುವ ಜಾಗ ಇದು.

ಫ್ಲಾರಿಡಾದಲ್ಲಿ ಡೆಮಾಕ್ರಟಿಕ್ ಪಕ್ಷ ಕೊಟ್ಟದ್ದು ಬೈಡನ್ ಅವರ ಒಂದೇ ಹೆಸರು. ಒಬ್ಬರೇ ಇದ್ದ ಮೇಲೆ ಮತದಾನ ಯಾಕೆ? ಹಾಗಾಗಿ ಅಲ್ಲಿ ಅಧ್ಯಕ್ಷ ಪ್ರೈಮರಿಯೇ ನಡೆಯಲಿಲ್ಲ. ನ್ಯೂ ಹ್ಯಾಂಪ್‌ಶೈರ್ ಹಳೇ ರೂಢಿಯಂತೆ ಮೊದಲು ಪ್ರೈಮರಿ ನಡೆಸಿದ್ದಕ್ಕೆ ಪಕ್ಷ ಮುನಿಸಿಕೊಂಡಿತು. ಬೈಡನ್ ಹೆಸರು ಮತಪತ್ರದಲ್ಲೇ ಇರಲಿಲ್ಲ. ಜನ ಕೈಯಲ್ಲಿ ಬರೆದು ಗೆಲ್ಲಿಸಿದರು. ಅಭ್ಯರ್ಥಿಗಳ ನಡುವೆ ಪಕ್ಷ ಒಂದೇ ಒಂದು ಚರ್ಚೆ ಏರ್ಪಡಿಸಲಿಲ್ಲ. ಸಂಸದರ ಪೈಕಿ ಮಿನ್ನೆಸೋಟದ ಡೀನ್ ಫಿಲಿಪ್ಸ್ ಒಬ್ಬರು ಮಾತ್ರ “ಇವರ ವಯಸ್ಸು ನೋಡಿ, ಸೋಲುತ್ತೇವೆ” ಅಂತ ಕಣಕ್ಕಿಳಿದರು. ಅವರನ್ನು ಸ್ವಂತ ಪಕ್ಷ ಮದುವೆ ಮನೆಯಲ್ಲಿ ಅಪಶಕುನ ನುಡಿದವರಂತೆ ನೋಡಿತು. ಮಾರ್ಚ್ ಮೊದಲ ವಾರದಲ್ಲಿ ಅವರು ಹಿಂದೆ ಸರಿದರು. ಮಿಷಿಗನ್‌ನಲ್ಲಿ ಗಾಜಾ ಯುದ್ಧದ ಸಿಟ್ಟಿಗೆ ಒಂದು ಲಕ್ಷಕ್ಕೂ ಹೆಚ್ಚು ಜನ “ಯಾರಿಗೂ ಬದ್ಧವಲ್ಲ” ಅನ್ನುವ ಮನೆಗೆ ಗುರುತು ಹಾಕಿದರು. ಬೈಡನ್ ಸೋತದ್ದು ಒಂದೇ ಕಡೆ, ಪೆಸಿಫಿಕ್ ಸಾಗರದ ಅಮೆರಿಕನ್ ಸಮೋವಾ ಎಂಬ ದ್ವೀಪಸಮೂಹದಲ್ಲಿ. ಯಾರಿಗೂ ಗೊತ್ತಿಲ್ಲದ ಜೇಸನ್ ಪಾಮರ್ ಎಂಬ ಉದ್ಯಮಿಗೆ 51 ವೋಟು, ಬೈಡನ್‌ಗೆ 40. ನಮ್ಮ ಗ್ರಾಮ ಪಂಚಾಯಿತಿಯ ಒಂದು ವಾರ್ಡಿನಲ್ಲಿ ಇದಕ್ಕಿಂತ ಜಾಸ್ತಿ ಬೀಳುತ್ತದೆ.

ನಿಮ್ಮ ನ್ಯೂಜೆರ್ಸಿಯ ಪ್ರೈಮರಿ ಜೂನ್ 4ಕ್ಕೆ ಇತ್ತು. ಬೇಕಾದಷ್ಟು ಪ್ರತಿನಿಧಿಗಳು ಬೈಡನ್‌ಗೆ ಸಿಕ್ಕಿದ್ದು ಮಾರ್ಚ್ 12ಕ್ಕೆ. ಸೊಸೆ ಜೂನ್ 4ರಂದು ವೋಟು ಹಾಕಿದ್ದರೆ ಅದು ಮುಗಿದ ಪಂದ್ಯಕ್ಕೆ ಕೊಂಡ ಟಿಕೆಟ್.

ಅದಕ್ಕೇ 1.4 ಕೋಟಿ ವೋಟು ಕಳವಾಯಿತು ಅನ್ನುವ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಆ ಜನ ಹಾಕಿದ ವೋಟು ನಿಜ. ಆದರೆ ಅವರ ಮುಂದೆ ಆಯ್ಕೆ ಇರಲಿಲ್ಲ. ತಪ್ಪಾದದ್ದು ಜುಲೈನಲ್ಲಿ ಅಲ್ಲ, ಅದಕ್ಕೂ ಒಂದು ವರ್ಷ ಮುಂಚೆ. ಬೈಡನ್ ಮತ್ತೆ ನಿಲ್ಲುತ್ತೇನೆ ಅಂದಾಗ ಗವರ್ನರುಗಳು, ಸೆನೆಟರುಗಳು ಎಲ್ಲ ಕೈಕಟ್ಟಿ ಬದಿಗೆ ಸರಿದರಲ್ಲ, ಅಲ್ಲಿ. ಜುಲೈನಲ್ಲಿ ಆ ಸಾಲದ ಕಂತು ಕಟ್ಟಬೇಕಾಯಿತು, ಬಡ್ಡಿ ಸಮೇತ.

ಹಾಲಿ ಅಧ್ಯಕ್ಷರಿಗೆ ದಾರಿ ಗುಡಿಸಿ ಕೊಡುವ ಈ ಚಾಳಿ ಡೆಮಾಕ್ರಟರದ್ದೊಂದೇ ಅಲ್ಲ. 2020ರಲ್ಲಿ ಟ್ರಂಪ್‌ಗಾಗಿ ರಿಪಬ್ಲಿಕನ್ ಪಕ್ಷ ಸೌತ್ ಕ್ಯಾರೊಲೈನಾ, ನೆವಾಡ, ಅರಿಜೋನಾ, ಕ್ಯಾನ್ಸಸ್‌ಗಳಲ್ಲಿ ಸ್ಪರ್ಧೆಯನ್ನೇ ರದ್ದು ಮಾಡಿತ್ತು. ಟ್ರಂಪ್ ವಿರುದ್ಧ ನಿಲ್ಲಲು ಹೊರಟಿದ್ದ ಮಾರ್ಕ್ ಸ್ಯಾನ್‌ಫರ್ಡ್ ಅದೇ ಸೌತ್ ಕ್ಯಾರೊಲೈನಾದ ಮಾಜಿ ಗವರ್ನರ್. ಸ್ವಂತ ಊರಲ್ಲೇ ಅವರಿಗೆ ಮತಪತ್ರ ಇಲ್ಲ. ಇದನ್ನು ಮಗನಿಗೆ ಹೇಳಿ, ಇದನ್ನೂ ಮೆತ್ತಗೆ.

ಜುಲೈ 21ರ ನಂತರ ಬೇರೆ ದಾರಿ ಇತ್ತೇ? ಹೊಸದಾಗಿ ಪ್ರೈಮರಿ ಅಸಾಧ್ಯ. ಅವು ರಾಜ್ಯಗಳ ಕಾನೂನಿನಂತೆ ನಡೆಯುವಂಥವು, ತಿಂಗಳುಗಟ್ಟಲೆ ತಯಾರಿ ಬೇಕು. ನವೆಂಬರ್ 5ಕ್ಕೆ ಉಳಿದದ್ದು 107 ದಿನ. ವಿದೇಶದಲ್ಲಿರುವ ಮತದಾರರಿಗೆ 45 ದಿನ ಮುಂಚೆಯೇ ಮತಪತ್ರ ಕಳಿಸಬೇಕು ಅನ್ನುವ ಕಾನೂನು ಬೇರೆ. ಆದರೆ ನಾಲ್ಕಾರು ಆಕಾಂಕ್ಷಿಗಳು ಪ್ರತಿನಿಧಿಗಳ ಮುಂದೆ ಬಂದು ಮೂರು ವಾರ ವಾದ ಮಾಡಬಹುದಿತ್ತು. ಹಾಗೆ ಮಾಡಿ ಅಂತ ಹೇಳಿದವರೂ ಇದ್ದರು. 300 ಪ್ರತಿನಿಧಿಗಳ ಸಹಿ ತಂದರೆ ಯಾರು ಬೇಕಾದರೂ ಕಣಕ್ಕಿಳಿಯಬಹುದಿತ್ತು. ತಂದವರು ಹ್ಯಾರಿಸ್ ಒಬ್ಬರೇ. ಬೈಡನ್ ಸರಿದ ದಿನವೇ ಹ್ಯಾರಿಸ್ ಹೆಸರು ಹೇಳಿದರು. ಮರುದಿನ ರಾತ್ರಿಯ ಹೊತ್ತಿಗೆ ಬೇಕಾದಷ್ಟು ಪ್ರತಿನಿಧಿಗಳು ಅವರ ಹಿಂದೆ ನಿಂತಿದ್ದರು. ಪೈಪೋಟಿ ಕೊಡಬಹುದು ಅಂದುಕೊಂಡಿದ್ದ ಗವರ್ನರುಗಳಾದ ನ್ಯೂಸಮ್, ವಿಟ್ಮರ್, ಶಪಿರೊ ಎಲ್ಲರೂ ಜೈ ಅಂದರು. ಚುನಾವಣೆ ಸೋತ ಮೇಲೆ ಪಕ್ಷದ ಹಿರಿಯ ನಾಯಕಿ ನ್ಯಾನ್ಸಿ ಪೆಲೋಸಿ, ಬೈಡನ್ ಇನ್ನೂ ಮೊದಲೇ ಸರಿದಿದ್ದರೆ ಮುಕ್ತ ಸ್ಪರ್ಧೆ ಆಗುತ್ತಿತ್ತು, ಕೂಡಲೇ ಹ್ಯಾರಿಸ್ ಹೆಸರು ಹೇಳಿದ್ದರಿಂದ ಅದು ಆಗದೇ ಹೋಯಿತು ಅನ್ನುವ ಧಾಟಿಯಲ್ಲಿ ಮಾತಾಡಿದರು. ಗೆದ್ದಿದ್ದರೆ ಈ ಮಾತು ಹೊರಗೆ ಬರುತ್ತಿತ್ತೇ ಅನ್ನುವುದು ನನ್ನ ಅನುಮಾನ.

ಈ ಪಕ್ಷಕ್ಕೆ ಇದು ಜಾಸ್ತಿ ನೋಯಬೇಕು. ಯಾಕೆಂದರೆ ಒಮ್ಮೆ ಸುಟ್ಟುಕೊಂಡ ಕೈ ಅದು. 1968ರ ಮಾರ್ಚ್ 31ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಕಣದಿಂದ ಸರಿದರು. ಪ್ರೈಮರಿಗಳಲ್ಲಿ ಸೆಣಸಾಡಿದವರು ಯೂಜೀನ್ ಮೆಕಾರ್ಥಿ ಮತ್ತು ರಾಬರ್ಟ್ ಕೆನಡಿ. ಕೆನಡಿ ಜೂನ್‌ನಲ್ಲಿ ಕೊಲೆಯಾದರು. ಕೊನೆಗೆ ಅಭ್ಯರ್ಥಿಯಾದದ್ದು ಒಂದೂ ಪ್ರೈಮರಿಗೆ ನಿಲ್ಲದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ. ಊರು ಇದೇ ಷಿಕಾಗೋ. ಹೊರಗೆ ಬೀದಿಯಲ್ಲಿ ಪೊಲೀಸರ ಲಾಠಿ, ಒಳಗೆ ಕೂಗಾಟ. ನವೆಂಬರಿನಲ್ಲಿ ನಿಕ್ಸನ್ ಗೆದ್ದರು. ಆ ಅವಮಾನದ ನಂತರವೇ ಪಕ್ಷ ಸಮಿತಿ ಮಾಡಿ, ಅಭ್ಯರ್ಥಿಯ ಆಯ್ಕೆಯನ್ನು ಮುಖಂಡರ ಕೋಣೆಯಿಂದ ಮತಗಟ್ಟೆಗೆ ತಂದದ್ದು. ಇವತ್ತಿನ ಪ್ರೈಮರಿ ಪದ್ಧತಿ ಗಟ್ಟಿಯಾದದ್ದು 1972ರಿಂದ. ಅಂದರೆ ಸಂವಿಧಾನ ಕೊಡದ ಮಾತೊಂದನ್ನು ಪಕ್ಷ ತಾನಾಗಿಯೇ ಜನರಿಗೆ ಕೊಟ್ಟಿತ್ತು. ಕಾನೂನು ಮುರಿಯದೆಯೂ ಕೊಟ್ಟ ಮಾತು ತಪ್ಪಬಹುದು, ಅಲ್ವಾ?

ಇನ್ನು ನಮ್ಮ ಹೈಕಮಾಂಡ್. ಅದನ್ನು ಗೇಲಿ ಮಾಡುತ್ತೇವೆ, ಇನ್ನೂ ಮಾಡುತ್ತೇವೆ. 1989ರಲ್ಲಿ ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ 178 ಸೀಟು ಗೆದ್ದಿತು. ಮರುವರ್ಷ ಅವರನ್ನು ಇಳಿಸುವ ಮಾತು ಬೆಂಗಳೂರು ವಿಮಾನ ನಿಲ್ದಾಣದಲ್ಲೇ ರಾಜೀವ್ ಗಾಂಧಿಯವರ ಬಾಯಿಂದ ಬಂತು. ಬಂಗಾರಪ್ಪ ಬಂದರು, ಆಮೇಲೆ ಮೊಯಿಲಿ. 1994ರಲ್ಲಿ ಮತದಾರರು 34 ಸೀಟು ಕೊಟ್ಟು ಲೆಕ್ಕ ಚುಕ್ತಾ ಮಾಡಿದರು. ನೀವು ಹೋಲಿಸಿದ್ದು ತಪ್ಪಲ್ಲ, ಆದರೆ ಒಂದು ವ್ಯತ್ಯಾಸ ಇದೆ. ಇಲ್ಲಿ ಬದಲಾದದ್ದು ಕುರ್ಚಿ, ಅಲ್ಲಿ ಬದಲಾದದ್ದು ಟಿಕೆಟ್ಟು. ಬೈಡನ್ 2025ರ ಜನವರಿ 20ರವರೆಗೆ ಅಧ್ಯಕ್ಷರಾಗಿಯೇ ಇದ್ದರು. ಟ್ರಂಪ್ ಬಳಸಿದ “ಕ್ಷಿಪ್ರಕ್ರಾಂತಿ” ಅನ್ನುವ ಪದ ಅದಕ್ಕೇ ಇಲ್ಲಿ ಹೊಂದುವುದಿಲ್ಲ. ರಿಪಬ್ಲಿಕನ್ನರ ಇನ್ನೊಂದು ಪ್ರಶ್ನೆಗೆ ಮಾತ್ರ ಡೆಮಾಕ್ರಟರು ಸರಿಯಾಗಿ ಉತ್ತರಿಸಲೇ ಇಲ್ಲ: ಇನ್ನೊಂದು ಅವಧಿಗೆ ನಿಲ್ಲಲು ಆಗದವರು ಉಳಿದ ಆರು ತಿಂಗಳು ಆಳುವುದು ಹೇಗೆ? ಈ ಪ್ರಶ್ನೆಯಲ್ಲಿ ಮಗನಿಗೆ ಪೂರ್ತಿ ಅಂಕ ಕೊಡುತ್ತೇನೆ.

ಜುಲೈನಲ್ಲಿ ಪ್ರತಿನಿಧಿಗಳು ಮಾಡಿದ್ದಕ್ಕೆ ನನ್ನ ಒಪ್ಪಿಗೆ ಇದೆಯೇ ಅಂತ ಕೇಳಿದ್ದೀರಿ. ಇದೆ, ಒಲ್ಲದ ಮನಸ್ಸಿನಿಂದ. ಬೈಡನ್ ಸರಿಯಲಿ ಅಂತ ಅವರ ಪಕ್ಷದ ಮತದಾರರಲ್ಲೇ ಹೆಚ್ಚಿನವರು ಆಗ ಸಮೀಕ್ಷೆಗಳಲ್ಲಿ ಹೇಳುತ್ತಿದ್ದರು. ಮಾರ್ಚ್‌ನ ವೋಟಿಗಿಂತ ಜುಲೈನ ಆ ದನಿಗೆ ಪ್ರತಿನಿಧಿಗಳು ಕಿವಿಗೊಟ್ಟರು. ನವೆಂಬರ್ 5ರಂದು ಎಲ್ಲರಿಗೂ ಕೇಳಲಾಯಿತು, ಅಧ್ಯಕ್ಷರನ್ನು ನಿರ್ಧರಿಸುವ ರಾಜ್ಯವಾರು ಎಲೆಕ್ಟರಲ್ ಮತಗಳಲ್ಲಿ 312ಕ್ಕೆ 226ರಂತೆ ಟ್ರಂಪ್ ಗೆದ್ದರು, ಹ್ಯಾರಿಸ್ ಸೋಲೊಪ್ಪಿಕೊಂಡರು. 2023ರಲ್ಲಿ ಸುಮ್ಮನಿದ್ದ ಆ ಪಕ್ಷದ ಮುಖಂಡರಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ಕಳೆದ ಸಂಚಿಕೆಯ ಆ ಸಾಲನ್ನು ಓದುಗರು ಹೀಗೆ ತಿದ್ದಿಕೊಂಡು ಓದಬೇಕಾಗಿ ಕೋರಿಕೆ: “ಪ್ರೈಮರಿಯಲ್ಲಿ ಮತದಾರರಿಗೆ ನಿಜವಾದ ಆಯ್ಕೆಯನ್ನೇ ಕೊಡದ ಡೆಮಾಕ್ರಟಿಕ್ ಪಕ್ಷ, ಕೊನೆ ಗಳಿಗೆಯಲ್ಲಿ ತನ್ನ ನಿಯಮದಂತೆ, ಅವರನ್ನು ಮತ್ತೆ ಕೇಳದೆ, ಅಭ್ಯರ್ಥಿಯನ್ನು ಬದಲಿಸಿಕೊಂಡಿತು.”

— ಸಂಪಾದಕ