ಓದುಗರ ಪ್ರಶ್ನೆ: ಹಳೆಯ ಕಂಪ್ಯೂಟರಿಗೆ ಯಾವ ಡಿಸ್ಕ್, ಎಷ್ಟು ರ‍್ಯಾಮ್?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2012ರಲ್ಲಿ ಕೊಂಡ ಡೆಸ್ಕ್‌ಟಾಪನ್ನು ಈಗಲೂ ಬಳಸುತ್ತಿದ್ದೇನೆ. ಕೋರ್ ಐ3 2100 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 2 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, 32 ಬಿಟ್ ವಿಂಡೋಸ್ 7. ನಮ್ಮ ಸೀಮೆಯ ಹಾಡು, ಗಾದೆ, ಒಗಟುಗಳನ್ನೆಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟಿದ್ದೇನೆ. ಈಗ ಆನ್ ಆಗಲು ಹತ್ತು ನಿಮಿಷ ಹಿಡಿಯುತ್ತದೆ, ಒಳಗೆ ಸದಾ ಕರಕರ ಸದ್ದು. ಅಂಗಡಿಯವರು 2 ಟಿಬಿ ಹಾರ್ಡ್ ಡಿಸ್ಕ್, 8 ಜಿಬಿ ರ‍್ಯಾಮ್ ಹಾಕಿಸಿ ಅಂದರು. ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳಲ್ಲಿ ಬರೆದಿಡುವ ಡಿಸ್ಕ್) ಹಾಕಿಸಿದರೆ ಪದೇ ಪದೇ ಕರೆಂಟ್ ಹೋಗುವ ನಮ್ಮೂರಲ್ಲಿ ಬಾಳಿಕೆ ಬಂದೀತೇ?
— ಒಬ್ಬ ಓದುಗರು, ಸಾಗರ

ಉತ್ತರ: ಮೇಷ್ಟ್ರೇ, ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಹಾಡು, ಒಗಟುಗಳ ಫೋಲ್ಡರನ್ನು ಇವತ್ತೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಇನ್ನೊಂದು ಪ್ರತಿ ಮಕ್ಕಳ ಇಲ್ಲವೇ ಸ್ನೇಹಿತರ ಕಂಪ್ಯೂಟರಿನಲ್ಲಿರಲಿ. ಆ ಹಾಡು ಹೇಳಿಕೊಟ್ಟವರಲ್ಲಿ ಎಷ್ಟು ಮಂದಿ ಈಗ ಮತ್ತೆ ಸಿಗುತ್ತಾರೆ ಹೇಳಿ? ಕಾಪಿ ಮುಗಿಯುವವರೆಗೆ ಯಾರು ಹೇಳಿದರೂ ಡಿಸ್ಕನ್ನು ಜೋಡಿಸುವ ಡಿಫ್ರ್ಯಾಗ್, ಪರೀಕ್ಷಿಸುವ ಚೆಕ್‌ಡಿಸ್ಕ್ ಓಡಿಸಬೇಡಿ. ಸೋತ ಡಿಸ್ಕನ್ನು ಮೂಲೆಮೂಲೆಯೂ ಓದಿಸಲು ಹೊರಟರೆ ಅದು ಅಲ್ಲೇ ಕೈಕೊಡಬಹುದು.

ಇನ್ನು ಆ ಕರಕರ. ಡಿಸ್ಕೇ ಹಾಳಾಗುತ್ತಿರಬಹುದು, ಆದರೆ ನಿಮ್ಮ ವಿವರ ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಕಂಪ್ಯೂಟರಿನ ಕೆಲಸದ ಹೊತ್ತಿನ ನೆನಪಾದ ರ‍್ಯಾಮ್ ಮೇಲೆ. ವಿಂಡೋಸ್, ಆಂಟಿವೈರಸ್, ಬ್ರೌಸರ್ ಮೂರೂ ಎದ್ದು ಕೂತರೆ 2 ಜಿಬಿ ಮುಗಿದೇಹೋಯಿತು. ಹಿಡಿಸದ್ದನ್ನು ವಿಂಡೋಸ್ ಹಾರ್ಡ್ ಡಿಸ್ಕಿನ ಪೇಜ್‌ಫೈಲಿಗೆ ಬರೆದಿಟ್ಟು, ಬೇಕಾದಾಗ ಮತ್ತೆ ಓದಿಕೊಳ್ಳುತ್ತದೆ. ಡಿಸ್ಕಿನ ತಟ್ಟೆ ತಿರುಗುವುದು ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಓದುವ ಹೆಡ್ ಅತ್ತಿತ್ತ ಸರಿದು, ಬೇಕಾದ ಜಾಗ ತನ್ನ ಕೆಳಗೆ ಬರುವ ತನಕ ಕಾಯಬೇಕು. ಹೀಗೆ ಚದುರಿದ ಕಡೆಗಳಿಂದ ಓದುವಾಗ ಸೆಕೆಂಡಿಗೆ ನೂರರ ಆಸುಪಾಸು ಸಲ ಓದಿದರೆ ಹೆಚ್ಚು. ನಿಮಗೆ ಕೇಳಿಸುತ್ತಿರುವುದು ಆ ಹೆಡ್ಡಿನ ಓಡಾಟವೇ ಇರಬಹುದು. ಹಾಗಿದ್ದರೆ 2 ಟಿಬಿಯ ಡಿಸ್ಕ್ ತಂದು ಹಾಕಿದರೂ ಅದೇ ಸದ್ದು, ಅದೇ ಕಾಯುವಿಕೆ.

ಆದ್ದರಿಂದ ರ‍್ಯಾಮ್ ಮೊದಲು. 8 ಜಿಬಿ ಅಂದದ್ದು ಸರಿಯೇ. ಎಚ್61 ಬೋರ್ಡುಗಳಲ್ಲಿ ಸಾಮಾನ್ಯವಾಗಿ ಎರಡೇ ಸ್ಲಾಟ್. 16 ಜಿಬಿವರೆಗೆ ಹಿಡಿಸಬಹುದಾದರೂ ನಿಮ್ಮ ಕೆಲಸಕ್ಕೆ ಅಷ್ಟು ಬೇಡ. 4 ಜಿಬಿಯ ಒಂದೇ ಬಗೆಯ ಎರಡು ಸ್ಟಿಕ್ ಕೇಳಿ. ಜೋಡಿ ಹಾಕಿದರೆ ಪ್ರೊಸೆಸರ್ ಎರಡರಿಂದಲೂ ಒಟ್ಟಿಗೆ ಓದುತ್ತದೆ; ನಿಮ್ಮಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಚಿತ್ರ ಮೂಡಿಸುವ ಕೆಲಸಕ್ಕೂ ಇದೇ ರ‍್ಯಾಮ್ ಬೇಕು. ಡೆಸ್ಕ್‌ಟಾಪಿನ ಡಿಡಿಆರ್3 ಎಂದು ಬಿಡಿಸಿ ಹೇಳಿ. ಡಿಡಿಆರ್4ರ ಕಚ್ಚು ಬೇರೆ ಕಡೆ ಇರುತ್ತದೆ, ಕೂರುವುದೇ ಇಲ್ಲ. 1600 ಎಂದು ಬರೆದ ಸ್ಟಿಕ್ ಸಿಕ್ಕರೂ ಹಿಂಜರಿಯಬೇಡಿ, ನಿಮ್ಮ ಪ್ರೊಸೆಸರ್ ಅದನ್ನು 1333ರಲ್ಲಿ ಓಡಿಸುತ್ತದೆ. ತೀರಾ ಅಗ್ಗಕ್ಕೆ ಸರ್ವರ್‌ನಿಂದ ಬಿಚ್ಚಿದ ರ‍್ಯಾಮ್ ತೋರಿಸಿದರೆ ಮಾತ್ರ ಬೇಡ ಅನ್ನಿ. ರಿಜಿಸ್ಟರ್ಡ್ ಎಂಬ ಆ ಜಾತಿ ನಿಮ್ಮ ಬೋರ್ಡಿನಲ್ಲಿ ಆನ್ ಆಗುವುದಿಲ್ಲ.

ಹಾಕುವಾಗ ನಿಂತು ನೋಡಿ. ಸ್ಲಾಟಿನ ಧೂಳು ಊದಿಸಿ, ಹೊಳೆಯುವ ಅಂಚನ್ನು ಬೆರಳಲ್ಲಿ ಮುಟ್ಟದೆ, ಕಚ್ಚು ಸರಿಹೊಂದಿಸಿ ಎರಡು ತುದಿಯನ್ನೂ ಒತ್ತಬೇಕು. ಪಕ್ಕದ ಕ್ಲಿಪ್ ಟಕ್ಕೆಂದು ತಾನಾಗಿ ಮೇಲೆದ್ದರೆ ಕೂತಿದೆ ಎಂದರ್ಥ. ಮಲೆನಾಡಿನ ಮಳೆಗಾಲದಲ್ಲಿ ಈ ಅಂಚಿಗೆ ತೇವದ ಕಿಲುಬು ಹಿಡಿದು, ಕಂಪ್ಯೂಟರ್ ಬೀಪ್ ಬೀಪ್ ಎನ್ನುತ್ತ ಪರದೆ ಕಪ್ಪಾಗಿಯೇ ಉಳಿಯುವುದುಂಟು. ಆಗ ಪ್ಲಗ್ ಕಿತ್ತು, ಸ್ಟಿಕ್ ತೆಗೆದು, ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಹಾಕಿ.

ಆದರೆ ನಿಮ್ಮ ವಿಂಡೋಸ್ 32 ಬಿಟ್ಟಿನದು. 8 ಜಿಬಿ ಹಾಕಿದರೂ ಅದು 4 ಜಿಬಿಯ ಒಳಗೇ ಉಳಿಯುತ್ತದೆ. ಹೇಗೂ 64 ಬಿಟ್ಟಿನ ವ್ಯವಸ್ಥೆ ಹೊಸದಾಗಿ ಹಾಕಬೇಕು, ಅದನ್ನು ಎಸ್‌ಎಸ್‌ಡಿಯ ಮೇಲೇ ಹಾಕಿಸಿ. 2 ಟಿಬಿ ಬೇಡ. ಬರಹದ ಕಡತಗಳಿಗೆ ಎಷ್ಟು ಜಾಗ ಬೇಕು? 240 ಅಥವಾ 256 ಜಿಬಿಯ, ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಸಾಕು. ಡಬ್ಬಿಯ ಮೇಲೆ ಸೆಕೆಂಡಿಗೆ 550 ಎಂಬಿ ವೇಗ ಎಂದಿರುತ್ತದೆ. ಎಚ್61ರ ಸಾಟಾ ಪೋರ್ಟ್ 300 ಎಂಬಿ ದಾಟುವುದಿಲ್ಲ, ಹಾಗಾಗಿ ಹೆಚ್ಚು ವೇಗದ್ದೆಂದು ಹೆಚ್ಚು ಹಣ ಕೊಡಬೇಡಿ. ಹೆಸರಿರುವ ಕಂಪನಿಯದ್ದು, ವಾರಂಟಿ ಚೀಟಿಯೊಂದಿಗೆ ಕೊಳ್ಳಿ.

ಕರೆಂಟಿನ ಪ್ರಶ್ನೆ ನ್ಯಾಯವಾದದ್ದು. ಉಳಿಸಿದ ಕಡತ ಕರೆಂಟ್ ಹೋದ ಮಾತ್ರಕ್ಕೆ ಅಳಿಸುವುದಿಲ್ಲ. ಆದರೆ ಬರೆಯುತ್ತಿರುವ ಗಳಿಗೆಯಲ್ಲಿ ಹೋದರೆ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಎರಡಕ್ಕೂ ಅಪಾಯವೇ. 2 ಟಿಬಿಗೆ ಸುರಿಯಬೇಕಿದ್ದ ಹಣದಲ್ಲಿ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಜೊತೆ ಇಂಟರ್ನೆಟ್ ಕೇಬಲನ್ನೂ ಕಿತ್ತಿಡಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ಬೀರುವಿನಲ್ಲಿಟ್ಟು ಮರೆಯುವುದು ಮಾತ್ರ ಸಲ್ಲದು. ಅದರೊಳಗಿನ ವಿದ್ಯುದಾವೇಶ ನಿಧಾನವಾಗಿ ಸೋರುತ್ತದೆ. ಎತ್ತಿಡುವ ಪ್ರತಿಗೆ ಹಾರ್ಡ್ ಡಿಸ್ಕೇ ಮೇಲು.

ಇನ್ನು ಯಾವ ವ್ಯವಸ್ಥೆ ಹಾಕಿಸುವುದು? ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11 ನಿಮ್ಮ ಪ್ರೊಸೆಸರನ್ನು ಒಪ್ಪುವುದಿಲ್ಲ. ನನ್ನ ಸಲಹೆ, ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್ ಮಿಂಟ್. ಬೆರಳಿನ ಅಭ್ಯಾಸ ಕೆಡುತ್ತದೆಂಬ ಭಯ ಬೇಡ, ನುಡಿಯಲ್ಲಿ ನೀವು ಬಳಸುವ ಕಗಪ ಕೀಲಿಮಣೆ ವಿನ್ಯಾಸ ಅದರ ಕೀಬೋರ್ಡ್ ಪಟ್ಟಿಯಲ್ಲೇ ಇದೆ. ಆದರೆ ಹಳೆಯ ಬರಹ ನುಡಿಯ ಹಳೆಯ ಫಾಂಟ್‌ನಲ್ಲಿದ್ದರೆ, ಆ ಫಾಂಟ್ ಇಲ್ಲದ ಕಡೆ ಹಾಡೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನೂ ಕಾಪಿ ಮಾಡಿಟ್ಟುಕೊಳ್ಳಿ. ನಿಧಾನವಾಗಿ ಎಲ್ಲವನ್ನೂ, ಬೇರೆ ಕಂಪ್ಯೂಟರುಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ.

ಹಳೆಯ ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ರೀಅಲೊಕೇಟೆಡ್ ಸೆಕ್ಟರ್ಸ್, ಕರೆಂಟ್ ಪೆಂಡಿಂಗ್ ಸೆಕ್ಟರ್ಸ್ ಎಂಬ ಎರಡು ಸಾಲು ನೋಡಿಸಿ. ಡಿಸ್ಕಿನಲ್ಲಿ ಕೆಟ್ಟ ಮತ್ತು ಕೆಟ್ಟಿರಬಹುದಾದ ಜಾಗಗಳ ಲೆಕ್ಕ ಅವು. ಕೊನೆಯ ಕಾಲಮ್ಮಿನಲ್ಲಿ ಎರಡೂ ಸೊನ್ನೆಯಾಗಿದ್ದರೆ ಅದನ್ನು ಎರಡನೇ ಡಿಸ್ಕಾಗಿ ಒಳಗೇ ಇರಿಸಿಕೊಳ್ಳಬಹುದು. ಬೇರೆ ಅಂಕಿ ಇದ್ದರೆ ನನಗೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ನೋಡೋಣ.