ಸ್ಕೇಲಿಂಗ್ (ಹಲ್ಲಿನ ಕಿಟ್ಟ ತೆಗೆಸುವುದು) ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಯೇ?

ಇಲ್ಲ. ಸಡಿಲ ಮಾಡುವುದು ಹಲ್ಲಿನ ಬುಡದಲ್ಲಿ ಕೂತ ಕಿಟ್ಟ. ದಿನವೂ ಕಟ್ಟುವ ಮೆತ್ತನೆಯ ಪದರ ಬ್ರಷ್‌ಗೆ ಹೋಗುತ್ತದೆ. ಬಿಟ್ಟರೆ ಜೊಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿಕೊಂಡು ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಬರುವುದಿಲ್ಲ, ವಸಡು ಸವೆಯುವುದಷ್ಟೇ ಲಾಭ. ಕನ್ನಡಿ ಹಿಡಿದು ಕೆಳಗಿನ ಮುಂಬಲ್ಲುಗಳ ಒಳಬದಿ ನೋಡಿ. ಜೊಲ್ಲು ಬಂದು ಬೀಳುವ ಜಾಗ ಅದು, ಹಳದಿ ಕಿಟ್ಟ ಮೊದಲು ಕಾಣುವುದೂ ಅಲ್ಲೇ.

ಕಿಟ್ಟದ ಮೇಲಿನ ಬ್ಯಾಕ್ಟೀರಿಯಾದಿಂದ ವಸಡು ಊದುತ್ತದೆ, ಉಜ್ಜುವಾಗ ರಕ್ತ ಬರುತ್ತದೆ. ಹಾಗೇ ಬಿಟ್ಟರೆ ಹಲವರಲ್ಲಿ ಹಲ್ಲು ಹಿಡಿದಿರುವ ಮೂಳೆ ವರ್ಷಗಟ್ಟಲೆ ಕರಗುತ್ತಾ ಹೋಗುತ್ತದೆ. ಅಷ್ಟರಲ್ಲಿ ಅಲ್ಲಾಡತೊಡಗಿದ ಹಲ್ಲುಗಳನ್ನು ಆ ಕಿಟ್ಟವೇ ಸಿಮೆಂಟಿನಂತೆ ಒಂದಕ್ಕೊಂದು ಕಚ್ಚಿಸಿಟ್ಟಿರುತ್ತದೆ. ತೆಗೆದ ದಿನ ಅಲುಗಾಟ ಗೊತ್ತಾಗುತ್ತದೆ, ಬೈಗುಳ ಮಾತ್ರ ಡಾಕ್ಟರಿಗೆ! ವಸಡಿನ ಊತ ಇಳಿದಾಗ ಹಲ್ಲುಗಳ ನಡುವೆ ಸಂದು ಕಾಣುವುದೂ ಹೀಗೆಯೇ.

ಹಲ್ಲಿನ ಹೊರಗಿನ ಗಟ್ಟಿ ಪದರ, ಎನಾಮಲ್, ಕೆರೆದುಹೋಗುತ್ತದೆ ಎಂಬ ಭಯವೂ ಬೇಡ. ಯಂತ್ರದ ತುದಿ ಸೆಕೆಂಡಿಗೆ ಸುಮಾರು 25,000 ಸಲ ಕಂಪಿಸಿ ಕಿಟ್ಟವನ್ನು ಒಡೆಯುತ್ತದೆ. ಜೊತೆಗೆ ಬರುವ ನೀರು ಹಲ್ಲು ಬಿಸಿಯಾಗದಂತೆ ನೋಡಿಕೊಳ್ಳುತ್ತದೆ. ಮೊನೆಯನ್ನು ಚುಚ್ಚದೆ ಅದರ ಪಕ್ಕವನ್ನು ಹಗುರವಾಗಿ ತಾಗಿಸಬೇಕು, ಅಷ್ಟೇ.

ಸ್ಕೇಲಿಂಗ್ ಆದ ಮೇಲೆ ಕೆಲವು ದಿನ ತಣ್ಣೀರಿಗೆ ಹಲ್ಲು ಜುಂ ಎನ್ನಬಹುದು. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ದಿನಕ್ಕೆ 2 ಸಲ ಬಳಸಿ. ಅದರ ಪರಿಣಾಮಕ್ಕೆ ಒಂದೆರಡು ವಾರ ಬೇಕು. ರಕ್ತ ಬರುತ್ತದೆಂದು ಆ ಜಾಗ ಉಜ್ಜುವುದನ್ನು ಬಿಡಬೇಡಿ, ಮೆದು ಬ್ರಷ್ ಹಿಡಿಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು ಮೊದಲೇ ಡಾಕ್ಟರಿಗೆ ಹೇಳಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.