ಎಲ್4-ಎಲ್5 ಬಲ್ಜ್: ಆಪರೇಷನ್ ಬೇಕೇ ಬೇಕಾ?

ಮೇಡಂ, ನಿಮ್ಮ ಯಜಮಾನರಿಗೆ 38 ವರ್ಷ, ಸೊಂಟದ ನೋವು 3 ವಾರದಿಂದ ಎಡಗಾಲಿಗೆ ಇಳಿಯುತ್ತಿದೆ, ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್ ಬಲ್ಜ್ (ಸೊಂಟದ 4ನೇ, 5ನೇ ಮೂಳೆಗಳ ನಡುವಿನ ಮೆತ್ತೆ ಹೊರಗೆ ಉಬ್ಬಿರುವುದು), ಆಪರೇಷನ್ ಬೇಕಾ ಅಂತ ಕೇಳಿದ್ದೀರಿ. ರಿಪೋರ್ಟ್ ಓದಿಯೇ ಅರ್ಧ ಭಯ ಬಂದಿರುತ್ತದೆ, ಅಲ್ವಾ? 40ರ ಆಸುಪಾಸಿನವರಲ್ಲಿ ಬೆನ್ನುನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದರೂ ಸುಮಾರು ಅರ್ಧ ಜನಕ್ಕೆ ಬಲ್ಜ್ ಕಾಣುತ್ತದೆ.

ಮುಖ್ಯ ಪ್ರಶ್ನೆ, ನರದ ಶಕ್ತಿ ಕುಂದಿದೆಯಾ ಅನ್ನೋದು. ಅವರನ್ನು ಬರಿಗಾಲಲ್ಲಿ, ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡಿ. ಕಾಲಿನ ಹೆಬ್ಬೆರಳನ್ನು ಮೇಲೆತ್ತಲು ಹೇಳಿ, ನೀವು ಬೆರಳಿಂದ ಒತ್ತಿ. ಎರಡೂ ಕಾಲು ಸಮವಾಗಿ ತಡೆದರೆ ಒಳ್ಳೆಯ ಸೂಚನೆ. ಪಾದ ಜೋಲುತ್ತಿದ್ದರೆ ಡಾಕ್ಟರ ಹತ್ತಿರ ಬೇಗ ಹೋಗಿ. ಮೂತ್ರ ಕಟ್ಟಿದರೆ, ಹಿಡಿತ ತಪ್ಪಿದರೆ, ಅಥವಾ ಗುದದ ಸುತ್ತಲಿನ ಕೂರುವ ಭಾಗ ಮರಗಟ್ಟಿದರೆ ಅದೇ ಕ್ಷಣ ಎಮರ್ಜೆನ್ಸಿಗೆ, ರಾತ್ರಿಯಾದರೂ ಸರಿ.

ಇದ್ಯಾವುದೂ ಇಲ್ಲದಿದ್ದರೆ ಕಾಯಬಹುದು. ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ನೋವು ಇಳಿಯುತ್ತದೆ. ನನಗೂ ಇದೇ ಆಗಿತ್ತು. ಸುಮ್ನೆ ಹತ್ತು ದಿನ ಮಲಗಿದೆ, ಬೆನ್ನು ಹಲಗೆಯಂತಾಯಿತು! ಆಮೇಲೆ ಮನೆ ಮುಂದೆ ದಿನಕ್ಕೆ ನಾಲ್ಕೈದು ಸಲ ಹತ್ತತ್ತು ನಿಮಿಷ ನಡೆದಿದ್ದೇ ಔಷಧಿಯಾಯಿತು.

ಸದ್ಯಕ್ಕೆ ಬಗ್ಗಿ ಗ್ಯಾಸ್ ಸಿಲಿಂಡರ್ ಎತ್ತುವುದು, ತಾಸುಗಟ್ಟಲೆ ಬೈಕ್ ಓಡಿಸುವುದು ಬೇಡ. ಸೊಂಟಕ್ಕೆ ಆಸರೆಯ ಬೆಲ್ಟ್ ದಿನವಿಡೀ ಕಟ್ಟಬೇಡಿ. ನೋವಿನ ಮಾತ್ರೆ ಡಾಕ್ಟರು ಹೇಳಿದಷ್ಟೇ, ಜಾಸ್ತಿ ನುಂಗಿದರೆ ಹೊಟ್ಟೆ, ಕಿಡ್ನಿಗೆ ಪೆಟ್ಟು. ಬೆನ್ನು ತುಳಿಯುವವರ ಹತ್ತಿರ ಮಾತ್ರ ದಯವಿಟ್ಟು ಕರೆದೊಯ್ಯಬೇಡಿ.